ತೂಬಿನ ಒಸರು

"ಬುದ್ಧಿ, ಮನೆಯವರ ನೆಮ್ಮದಿಗೆಂದು ಒಂದು ಸಂಗತಿಯನ್ನು ಮುಚ್ಚಿಟ್ಟರೆ ಅದು ತಪ್ಪೇ?" ಎಂದು ನಿಂಗಾಜಮ್ಮ ಮಠದ ಗುರುಗಳನ್ನು ಕೇಳಿದಳು.

ಅವಳ ಹೃದಯದ ಕೆಟ್ಟ ಕವಾಟವನ್ನು ತೆಗೆದು ಹೊಸದನ್ನು ಕೂಡಿಸಿ ಆರು ವಾರವಾಗಿತ್ತು. ಹೊಸ ಕವಾಟಕ್ಕೆ ಸೋಂಕು ತಗಲುವ ಭಯವಿದೆ, ಮೈ ಸ್ವಲ್ಪ ಬೆಚ್ಚಗಾದರೂ ತಡಮಾಡದೆ ಬನ್ನಿ ಎಂದು ವೈದ್ಯರು ಹೇಳಿ ಕಳುಹಿಸಿದ್ದರು. ಮಗಳು ಬೆಳಿಗ್ಗೆ, ಸಂಜೆ ಜ್ವರ ಅಳೆದು ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ಆಸ್ಪತ್ರೆಯ ಮೊಗಸಾಲೆಯಲ್ಲಿ ಇಪ್ಪತ್ತು ದಿನ ಚಾಪೆಯ ಮೇಲೆ ಕಳೆದ ಮಗಳು ಈಗಷ್ಟೇ ನಗತೊಡಗಿದ್ದಳು. ಆ ನಗು ಹೋದೀತೆಂದು, ಮೈ ಚಳಿಗೆ ನಡುಗಿದ ದಿನದಿಂದ ನಿಂಗಾಜಮ್ಮ ಥರ್ಮಾಮೀಟರ್ ಬರುವುದಕ್ಕೆ ಒಂದು ಗಂಟೆ ಮುಂಚೆಯೇ ಜ್ವರದ ಮಾತ್ರೆ ನುಂಗಿಬಿಡುತ್ತಿದ್ದಳು. ಪುಸ್ತಕದಲ್ಲಿ ಎಲ್ಲವೂ ಸರಿಯಾಗಿತ್ತು. ಎದೆಯೊಳಗಿನ ಅಳುಕು ಮಾತ್ರ ದಿನದಿನಕ್ಕೆ ಬೆಳೆಯುತ್ತಿತ್ತು.

ಗುರುಗಳು ಒಂದು ಕತೆ ಹೇಳಿದರು.

"ಒಂದೂರಿನ ಕೆರೆಯ ತೂಬು ಕೆಟ್ಟಿತ್ತು. ಊರವರೆಲ್ಲ ತಿಂಗಳುಗಟ್ಟಲೆ ದುಡಿದು ಹೊಸ ತೂಬು ಕೂಡಿಸಿದರು. ಕೆರೆ ತುಂಬಿತು. ಅದನ್ನು ಕಾಯಲು ಒಬ್ಬ ನೀರುಗಂಟಿಯಿದ್ದ. ಎಂಟನೆಯ ದಿನ ಹೊಸ ಕಲ್ಲಿನ ಅಂಚಿನಲ್ಲಿ ನೀರು ಒಸರುವುದು ಅವನ ಕಣ್ಣಿಗೆ ಬಿತ್ತು. ದಣಿದ ಜನರಿಗೆ ಇದನ್ನು ಹೇಗೆ ಹೇಳುವುದೆಂದು ಹಿಂಜರಿದ. ಗೌಡ ನೋಡಲು ಬರುವ ಮೊದಲು ಜೇಡಿಮಣ್ಣು ಮೆತ್ತಿ, ಕಲ್ಲನ್ನು ಟವೆಲಿನಿಂದ ಒರೆಸಿ ನಿಂತ.

'ಏನಪ್ಪಾ, ತೂಬು ಹೇಗಿದೆ?'

'ನಿಮ್ಮ ಮೀಸೆಯಾದರೂ ಮಜ್ಜಿಗೆಯಲ್ಲಿ ನೆನೆದಿದೆ ಗೌಡರೇ, ತೂಬು ಒಣಗಿದೆ.'

ಗೌಡ ಮೀಸೆ ಒರೆಸಿಕೊಂಡು, ನಗುತ್ತ ಹೋದ. ಮರುದಿನವೂ ಮಣ್ಣು, ಮರುದಿನವೂ ನಗು. ಮಣ್ಣಿನ ಹಿಂದೆ ನೀರು ತನ್ನ ಕೆಲಸ ಮಾಡುತ್ತಲೇ ಇತ್ತು. ಆರು ದಿನ ಕಳೆಯುವಷ್ಟರಲ್ಲಿ ತೂಬು ಕಿತ್ತುಹೋಯಿತು, ಕೆರೆಯ ಏರಿ ಒಡೆಯಿತು. ಮೊದಲು ಕೊಚ್ಚಿಹೋದದ್ದು ನೀರುಗಂಟಿಯ ಮನೆ. ಕಲ್ಲುಕುಟಿಗ ಬಂದು ನೋಡಿ, 'ಮೊದಲ ದಿನವೇ ಕರೆದಿದ್ದರೆ ಒಂದು ಬುಟ್ಟಿ ಗಾರೆಯಲ್ಲಿ ಮುಗಿಯುತ್ತಿತ್ತು' ಎಂದ."

ನಿಂಗಾಜಮ್ಮ ಸೆರಗನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡಳು.

"ಆ ನೀರುಗಂಟಿ ಕೆಟ್ಟವನೇನಲ್ಲ, ಬುದ್ಧಿ" ಎಂದಳು ಮೆಲ್ಲಗೆ.

"ಕೆಟ್ಟವನಲ್ಲ" ಎಂದರು ಗುರುಗಳು. ನಡುಮಧ್ಯಾಹ್ನದ ಬಿಸಿಲಿನಲ್ಲಿಯೂ ನಡುಗುತ್ತಿದ್ದ ಅವಳ ಕೈಗಳನ್ನು ನೋಡಿದರು.

"ಜ್ವರ ಬಂದು ಎಷ್ಟು ದಿನವಾಯಿತು, ತಾಯಿ?"