ಮಂಗಟ್ಟೆ ಹಕ್ಕಿ ಗಂಡನ್ನ ಆರಿಸಿದ್ದು

ಮಗ್ಗುಲಿಗೆ ಬಾ ಪುಟ್ಟಿ. ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿ ಇನ್ನೂ ತೊಟ್ಟಿಲಲ್ಲಿದ್ದಾಗ, ಹೊಳೆಯಾಚೆ ಕಾಡಲ್ಲಿ ಒಂದು ಹೆಣ್ಣು ಮಂಗಟ್ಟೆ ಹಕ್ಕಿ ಇತ್ತಂತೆ. ಉದ್ದ ಕೊಕ್ಕು, ಅದರ ಮೇಲೊಂದು ಕೊಂಬಿನಂಥ ಕಿರೀಟ. ಹೆಸರು ಚೆಲ್ವಿ. ಅವಳು ದೊಡ್ಡವಳಾದ್ಲು, ಆಮೇಲೆ ಮೂರು ಗಂಡುಗಳು ಕೇಳ್ಕೊಂಡು ಬಂದ್ವಂತೆ.

ಒಬ್ಬನಿಗೆ ಇಡೀ ಕಾಡಿಗೇ ದೊಡ್ಡ ಕಿರೀಟ. ಇನ್ನೊಬ್ಬ ಕೂಗಿದ್ರೆ ಗುಡ್ಡವೇ ತಿರುಗಿ ಕೂಗ್ತಿತ್ತಂತೆ. ಮೂರನೆಯವನು ಮಾತು ಕಮ್ಮಿ, ಸಣಕಲ. ಕಿರೀಟದವನನ್ನೇ ಮಾಡ್ಕೊ ಅಂದ್ಲಂತೆ ಅವ್ವ. ಅದಕ್ಕೆ ಚೆಲ್ವಿ, ಅವ್ವಾ, ಮೊಟ್ಟೆ ಇಡೋಕೆ ಮರದ ಪೊಟರೆ ಹೊಕ್ಕು ಬಾಗಿಲಿಗೆ ಮಣ್ಣು ಮೆತ್ತಿಕೊಳ್ಳೋಳು ನಾನು. ಒಳಗೆ ನನ್ನ ರೆಕ್ಕೆಪುಕ್ಕ ಉದುರಿಹೋಗ್ತವೆ. ಕೊಕ್ಕು ತೂರುವಷ್ಟು ಸಂದಿಯಲ್ಲಿ ಗಂಡ ಹಣ್ಣು ತಂದು ಕೊಟ್ರೆ ಉಂಟು, ಇಲ್ಲದಿದ್ರೆ ಇಲ್ಲ. ಕಿರೀಟ ತಿನ್ನೋಕಾಗುತ್ತಾ? ನಾನೇ ನೋಡಿ ಆರಿಸ್ತೀನಿ ಅಂದ್ಲಂತೆ.

ಆಮೇಲೆ ಮೂವರಿಗೂ, ನನಗೆ ಹಣ್ಣು ತಂದ್ಕೊಡಿ ಅಂತ ಹೇಳಿದ್ಲಂತೆ. ಕಿರೀಟದವನು ಅತ್ತಿಮರದಲ್ಲಿ ಕೂತು ಮಾಗಿದ್ದನ್ನೆಲ್ಲ ತಾನು ನುಂಗಿ, ಇವಳಿಗೆ ಕಾಯಿ ತಂದ. ಕೂಗುವವನು ಮೊದಲ ದಿನ ಗಂಟಲು ತುಂಬ ತಂದ, ಮಾರನೇ ದಿನ ಗಾಳಿಮಳೆ ಅಂತ ಬರಲೇ ಇಲ್ಲ. ಸಣಕಲ ಆ ಮಳೆಯಲ್ಲೇ ತೊಯ್ದು ತೊಪ್ಪೆಯಾಗಿ ಬಂದು, ಒಂದೊಂದೇ ಹಣ್ಣನ್ನ ಗಂಟಲಿಂದ ತೆಗೆದು ಅವಳ ಕೊಕ್ಕಿಗಿಟ್ಟು, ಸಾಕಾ, ಇನ್ನೂ ತರ್ಲಾ ಅಂದನಂತೆ. ಇವನೇ ಸರಿ ಅಂದ್ಲು ಚೆಲ್ವಿ. ಅವ್ವ ಮುಖ ತಿರುಗಿಸಿ ಕೂತ್ಲಂತೆ.

ಆಮೇಲೆ ಪೊಟರೆ ಹೊಕ್ಲು, ಮೊಟ್ಟೆ ಇಟ್ಲು, ಮರಿಗಳೂ ಆದ್ವು. ಒಂದು ದಿನ ಬೆಳಿಗ್ಗೆ ಹೋದ ಗಂಡ ಹೊತ್ತು ಇಳಿದ್ರೂ ಬರಲಿಲ್ಲ. ಮರಿಗಳು ಹಸಿದು ಚೀರ್ತಾವೆ. ಅವ್ವ ಸಂದಿ ಹತ್ತಿರ ಬಂದು, ನಾ ಹೇಳಿರಲಿಲ್ವೇ, ಬಿಟ್ಟು ಹೋದ ನೋಡು ಅಂದ್ಲಂತೆ. ಚೆಲ್ವಿ ಅಲುಗಲಿಲ್ಲ. ಬರದೇ ಇರೋನಲ್ಲ ಅವನು, ಏನೋ ಆಗಿದೆ, ಹೊಳೆ ಕಡೆ ಹೋಗಿ ನೋಡವ್ವ ಅಂದ್ಲು.

ಅವ್ವ ಗೊಣಗ್ತಾ ಹೋದ್ಲು. ನೋಡಿದ್ರೆ, ಗಿಡುಗ ರೆಕ್ಕೆ ಹರಿದುಹಾಕಿದೆ, ಹಾರೋಕಾಗ್ದೆ ಅಳಿಯ ಕೊಂಬೆಯಿಂದ ಕೊಂಬೆಗೆ ಕುಪ್ಪಳಿಸ್ಕೊಂಡು ಬರ್ತಿದ್ದಾನೆ. ಗಂಟಲ ತುಂಬ ಹಣ್ಣು, ತಾನು ಒಂದನ್ನೂ ತಿಂದಿಲ್ಲ. ಅವ್ವ ಹಾರಿ ಅವನ ಪಕ್ಕಕ್ಕೇ ಬಂದ್ಲಂತೆ. ಕೂತ್ಕೊಳ್ಳಪ್ಪ, ಹಣ್ಣು ನನಗೆ ಕೊಡು, ನಾನು ಮುಟ್ಟಿಸ್ತೀನಿ ಅಂದ್ಲು. ಅವನ ರೆಕ್ಕೆ ವಾಸಿಯಾಗೋವರೆಗೂ ಅತ್ತೆಯೇ ಅಳಿಯನಿಗೂ ಮಗಳಿಗೂ ಮೊಮ್ಮಕ್ಕಳಿಗೂ ಉಣಿಸಿದ್ಲಂತೆ.

ಆಮೇಲೆ ಚೆಲ್ವಿಗೆ ಹೊಸ ಪುಕ್ಕ ಬಂತು, ಮಣ್ಣಿನ ಬಾಗಿಲು ಒಡೆದು ಹೊರಗೆ ಬಂದ್ಲು, ಆಮೇಲೆ ಮರಿಗಳೂ ಹಾರಿದ್ವು, ಎಲ್ಲಾರೂ ಒಂದೇ ಕೊಂಬೆ ಮೇಲೆ ಸಾಲಾಗಿ ಕೂತು ಸುಖವಾಗಿದ್ರಂತೆ. ಅಲ್ಲಿಗೆ ಕತೆ ಗೂಡು ಸೇರ್ತು, ಮುಗೀತು. ಕಣ್ಮುಚ್ಚು ಮಗಾ.