ಮುದಿ ಹೇಂಟೆಯ ಎಲುಬು ಪರೀಕ್ಷೆ

ಎಲುಬು ಒತ್ತಿ ನೋಡಿ ಗಟ್ಟಿಯೋ ಟೊಳ್ಳೋ ಹೇಳುವುದಕ್ಕೆ ಕಾಗೆ ಕೇಳಿದ ಕೂಲಿ ಒಂದು ಮೊಟ್ಟೆ. ಮುದಿ ಹೇಂಟೆಗೆ ಅದು ದುಬಾರಿಯೆನಿಸಿತು.

"ಮೊಟ್ಟೆಯ ಚಿಪ್ಪೆಲ್ಲ ನನ್ನ ಎಲುಬಿನಿಂದಲೇ ಇಳಿದದ್ದು ಕಾಗಣ್ಣ. ಸವೆದಿದೆಯೋ ಎಂದು ತಿಳಿಯಲು ಇನ್ನಷ್ಟು ಸವೆಸಲೇ? ಎರೆಹುಳು ಕೊಡುತ್ತೇನೆ, ಬೇಕಾದರೆ ನೋಡು."

"ಆಗಲಿ ಅಕ್ಕ, ಕಾಲು ಚಾಚು."

ಹೇಂಟೆ ಚಾಚಲಿಲ್ಲ. ಗೂಡಿನಲ್ಲಿ ಅದು ಕೂರುವ ಎಲ್ಲಕ್ಕಿಂತ ಮೇಲಿನ ಬಿದಿರ ಗಳ ಹಿರಿತನಕ್ಕೆ ಸಿಕ್ಕಿದ್ದು. ಎಲುಬು ಟೊಳ್ಳೆಂದು ಗೊತ್ತಾದರೆ ಅದನ್ನು ಬಿಟ್ಟು ಇಳಿಯಬೇಕು.

"ನೋವಂತೂ ಇಲ್ಲ. ಸುಮ್ಮನೆ ಯಾಕೆ ಕೆದಕುವುದು? ನನಗೆ ಇಷ್ಟೇ ಸಾಕು."

"ನೋಡದಿದ್ದರೆ ಗಟ್ಟಿಯಾಗುತ್ತದೆಯೇ? ದಿನಾ ಅಷ್ಟೆತ್ತರದಿಂದ ಧುಮುಕುವವಳು ನೀನು. ಕಾಲು ಮುರಿದ ಮೇಲೆ ಹೇಳಲು ನಾನು ಬೇಕಿಲ್ಲ, ಸಾರಿನ ಮಡಕೆಯೇ ಹೇಳುತ್ತದೆ."

ಹೇಂಟೆ ನಿಟ್ಟುಸಿರಿಟ್ಟು ಕಾಲು ಚಾಚಿತು. ಕಾಗೆ ಕೊಕ್ಕಿನಿಂದ ಮೆಲ್ಲಗೆ ಒತ್ತಿತು.

"ಸವೆದಿದೆ ಅಕ್ಕ. ಇನ್ನು ನೆಲದ ಮೇಲೆ ಮಲಗು, ಕಪ್ಪೆಚಿಪ್ಪು ಕುಕ್ಕಿ ತಿನ್ನು."

ಆ ಸಂಜೆಯೇ ಎಳೆಯ ಹೇಂಟೆಯೊಂದು ಮೇಲಿನ ಗಳ ಹತ್ತಿ, "ಅಜ್ಜೀ, ಕೆಳಗೆ ಗಾಳಿ ಬರುತ್ತದೆಯೇ?" ಎಂದು ಕೆಣಕಿತು. ಮುದಿ ಹೇಂಟೆ ಹುಲ್ಲಿನ ಮೇಲೆ ಕೂತು ಚಿಪ್ಪು ಕುಕ್ಕಿತು. ಬೆಳಗಾದಾಗ ನಡೆದುಕೊಂಡೇ ಹೊರಗೆ ಬಂತು. ಹೋದದ್ದು ಒಂದು ಎರೆಹುಳು, ಒಂದು ಗಳ; ಉಳಿದದ್ದು ಎರಡು ಕಾಲು.