ಒಳಗೆ ನೆನೆದ ಕೊಡೆ

ರಜೆಗೆಂದು ಮನೆಮಂದಿಯೆಲ್ಲ ವಾಟರ್ ಪಾರ್ಕಿಗೆ ಹೋದಾಗ ನಡೆದದ್ದು ಕೇಳಿ. ಬೆಂಚಿನ ಮೇಲಿದ್ದ ಅತ್ತೆ ನಿಂಗಾಜಮ್ಮನ ಕೊಡೆ ಟವೆಲ್ಲಿನ ಕಿವಿ ಕಚ್ಚಿತು.

“ನೋಡಿದೆಯೇನೇ? ಸೊಸೆ ಸುಕನ್ಯಾ ನಾಲ್ಕು ಜನರೆದುರು ತೊಯ್ದು ತೊಪ್ಪೆಯಾಗಿ ಕುಣೀತಾಳೆ! ಯಾರೂ ನೆನೆಯದಂತೆ ಕಾಯೋದೇ ನನ್ನ ಮರ್ಯಾದೆ. ನಮ್ಮ ಯಜಮಾನಿ ಮಾತ್ರ ಹನಿ ನೀರೂ ಸೋಕಿಸಿಕೊಳ್ಳಲ್ಲ.”

“ಯಾರು, ಆ ಜಾರುಬಂಡೆ ಮೇಲಿಂದ ಕಿರುಚಿಕೊಂಡು ಬರ್ತಿದ್ದಾರಲ್ಲ, ಅವರಾ?” ಎಂದಿತು ಟವೆಲ್.

ಸಂಜೆ ಒದ್ದೆ ಬಟ್ಟೆಗೆ ಚೀಲ ಸಾಲದೆ, ನಿಂಗಾಜಮ್ಮ ನಗುತ್ತ ಕೊಡೆಯನ್ನೇ ಬಿಚ್ಚಿ, ತಲೆಕೆಳಗಾಗಿಸಿ, ಎಲ್ಲವನ್ನೂ ಅದರೊಳಗೆ ಸುರಿದಳು.

“ಏನಕ್ಕಾ, ಒಳಗೇ ನೆನೆದೆಯಲ್ಲ?” ಎಂದಿತು ಬಟ್ಟೆಗಳ ನಡುವಿನಿಂದ ಟವೆಲ್.

“ಮೆಲ್ಲಗೆ ಮಾತಾಡೇ! ಆ ಚಪ್ಪಲಿಗಳಿಗೆ ಗೊತ್ತಾದರೆ ಮನೆಮನೆಗೂ ಹೊತ್ಕೊಂಡು ಹೋಗ್ತಾವೆ.”

“ಕೇಳಿಸ್ತು ಬಿಡಕ್ಕ,” ಎಂದವು ಕೆಳಗಿದ್ದ ಚಪ್ಪಲಿಗಳು.